ಉಂಗುರದ ಬೆರಳಿನ ಗೆಣ್ಣು

ಕ್ರೇಗಿಬರ್ನ್, ಮೆಲ್ಬರ್ನ್
14 ಜುಲೈ 2025

ಭಾಸ್ಕರಾ,

ನೀನು ನನ್ನ ನಂಬರ್ ಬ್ಲಾಕ್ ಮಾಡಿ ಒಂಬತ್ತು ವರ್ಷವಾಯಿತು. ಇಮೇಲ್ ಹಾಕಿದರೆ ಉತ್ತರವಿಲ್ಲ. ಹಾಗಾಗಿ ಅಂಚೆಯವನ ಕಾಲು ಹಿಡಿದಿದ್ದೇನೆ. ಅವನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದ ಹಾಗಿಲ್ಲ. ವಿಳಾಸ ಕೊಟ್ಟದ್ದು ನಿನ್ನ ಮಗಳು ಪ್ರಣತಿ. ಅವಳನ್ನು ಬೈಯಬೇಡ ಮಾರಾಯ.

ಹೇಳುವುದು ಎರಡು ಉಂಟು. ಬರುವ ನವೆಂಬರ್ ಎಂಟಕ್ಕೆ ನಾನು ಹೆರನ್ಸ್ ಬೇಸ್‌ಬಾಲ್ ಕ್ಲಬ್ ಬಿಡುತ್ತಿದ್ದೇನೆ. ಹನ್ನೊಂದು ವರ್ಷ ಆಡಿದೆ, ಭುಜ ಕೊಯ್ಯಿಸಿಕೊಂಡು ಎರಡು ವರ್ಷ ಕೂತೆ, ಹದಿಮೂರು ವರ್ಷ ಮ್ಯಾನೇಜರ್ ಆದೆ. ಸಾಕು. ಆ ದಿನ ನನ್ನ ಕೈಯಿಂದ ಕೊನೆಯದಾಗಿ ಒಂದು ಚೆಂಡು ಎಸೆಸುತ್ತಾರಂತೆ. ಅದನ್ನು ನೀನು ಬಂದು ಹಿಡಿಯಬೇಕು. ಬೇರೆ ಯಾರ ಹೆಸರೂ ನಾನು ಹೇಳಿಲ್ಲ.

ಇನ್ನೊಂದು, ಇಲ್ಲಿಯ ಕನ್ನಡ ಸಂಘದ ಕಾರ್ಯದರ್ಶಿ ಸಿಂಚನಾ ಮನೆಗೇ ಬಂದು ಕೂತಿದ್ದಳು. "ಅಂಕಲ್, ಆಸ್ಟ್ರೇಲಿಯಾದಲ್ಲಿ ಸಂಬಳಕ್ಕೆ ಬೇಸ್‌ಬಾಲ್ ಆಡಿದ ಫಸ್ಟ್ ಕನ್ನಡಿಗ ನೀವೇ ಅಂತೆ. ಸೊವನೀರ್‌ಗೆ ಎರಡು ಪೇಜ್ ಬರ್ಕೊಡಿ" ಎಂದಳು. ಆ ಸಂಬಳದಲ್ಲಿ ಸಂಸಾರ ನಡೆಯಲಿಲ್ಲ, ಬೆಳಿಗ್ಗೆ ಬ್ರೆಡ್ ವ್ಯಾನ್ ಓಡಿಸಿಯೇ ಬದುಕಿದ್ದು ಎಂದರೆ ಅವಳು ಕೇಳಬೇಕಲ್ಲ. ರಾಜ್ಯೋತ್ಸವ ಈ ಸಲ ನವೆಂಬರ್ ಕೊನೆಗೆ. ಹಾಲ್ ಸಿಗುವುದೇ ಆಗಂತೆ.

ನಮ್ಮ ಮನೆಯ ಮಾತು ಕೊಂಕಣಿ. ನನ್ನ ಕನ್ನಡ ಮಂಗಳೂರಿನ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ನೀನು ಮೈಸೂರಿನವ. ಬರೆದದ್ದನ್ನು ಜೊತೆಗೆ ಇಟ್ಟಿದ್ದೇನೆ, ತಿದ್ದಿ ಕಳಿಸು. ನಿನ್ನ ಹೆಸರು ಬಂದ ಭಾಗವನ್ನು ಇಲ್ಲಿಯೇ ನಕಲು ಮಾಡುತ್ತೇನೆ. ಉಳಿದದ್ದನ್ನು ನೀನು ಓದದಿದ್ದರೂ ಇದನ್ನು ಓದು:

"ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಪಿಚರ್. ದಾಂಡಿಗನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಹಿಡಿಯುವವನು ಕ್ಯಾಚರ್. ಯಾವ ಚೆಂಡು ಬೇಕೆಂದು ಸನ್ನೆ ಮಾಡುವವನು ಕ್ಯಾಚರ್, ಹೆಸರು ಬರುವುದು ಪಿಚರನಿಗೆ. ನನ್ನ ಕ್ಯಾಚರ್ ಮೈಸೂರಿನ ಭಾಸ್ಕರ. ಎಲ್ಲರೂ ಬೆರಳು ಚಾಚಿ ಸನ್ನೆ ಮಾಡುತ್ತಾರೆ, ಅದನ್ನು ಎದುರಾಳಿಗಳು ಕದ್ದು ನೋಡುತ್ತಾರೆ. ಭಾಸ್ಕರ ಮಾತ್ರ ತನ್ನ ಅಜ್ಜಿ ಗೌರಕ್ಕ ಜಪ ಎಣಿಸುವ ಹಾಗೆ ಹೆಬ್ಬೆರಳನ್ನು ಬೆರಳ ಗೆಣ್ಣಿನ ಮೇಲೆ ಇಡುತ್ತಿದ್ದ. ಕಿರುಬೆರಳಿನ ಗೆಣ್ಣು ಎಂದರೆ ನೇರ ಚೆಂಡು. ಉಂಗುರದ ಬೆರಳಿನ ಗೆಣ್ಣು ಎಂದರೆ ತಿರುಗಿ ಕೆಳಗೆ ಬೀಳುವ ಚೆಂಡು. ಈ ಭಾಷೆ ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿತ್ತು.

1999ರಲ್ಲಿ, ಈ ದೇಶಕ್ಕೆ ಬಂದ ಹೊಸತರಲ್ಲಿ, ಹೆರನ್ಸ್ ಆಯ್ಕೆ ಪಂದ್ಯಕ್ಕೆ ಇಬ್ಬರೂ ಹೋದೆವು. ಕೊನೆಯ ಗಳಿಗೆಯಲ್ಲಿ ಭಾಸ್ಕರ ನೇರ ಚೆಂಡು ಕೇಳಿದ. ನಾನು ಸನ್ನೆಯನ್ನು ತಪ್ಪಾಗಿ ಓದಿ ತಿರುಗು ಚೆಂಡು ಹಾಕಿದೆ. ಅದು ಅವನನ್ನು ದಾಟಿ ಬೇಲಿಯವರೆಗೆ ಹೋಯಿತು, ಪಂದ್ಯ ಸೋತೆವು. ಸ್ಕೋರರ್ ಅದನ್ನು ಕ್ಯಾಚರ್ ತಪ್ಪು ಎಂದು ಬರೆದರು. ಕ್ಲಬ್ ನನ್ನನ್ನು ಇಟ್ಟುಕೊಂಡಿತು, ಅವನನ್ನು ಮನೆಗೆ ಕಳಿಸಿತು. ಅದು ನನ್ನ ತಪ್ಪು."

ನಿನ್ನ ಜಯಾಳಿಗೆ ನನ್ನ ಅಸುಂತಾಳ ನೆನಪುಗಳು.

ನಿನ್ನ ಪಿಚರ್,
ಬೋನಾ


ಮ್ಯಾಕ್ವೆರಿ ಪಾರ್ಕ್, ಸಿಡ್ನಿ
2 ಆಗಸ್ಟ್ 2025

ಶ್ರೀಮಾನ್ ಮ್ಯಾನೇಜರ್ ಬೊನವೆಂಚರ್ ಅವರ ಸನ್ನಿಧಾನಕ್ಕೆ,

ನಿನ್ನ ಲೇಖನದಲ್ಲಿ ಹದಿನೇಳು ತಪ್ಪುಗಳಿವೆ. ಎರಡನೇ ಪುಟದಲ್ಲಿ "ಒಟ್ಟು ಅರವತ್ತೆಂಟು ಪಂದ್ಯ ಗೆದ್ದೆ" ಎಂದಿದ್ದೀಯ. ಎಪ್ಪತ್ತೊಂದು. 2006ರಲ್ಲಿ ಪರ್ತ್‌ನಲ್ಲಿ ಒಂದೇ ವಾರದಲ್ಲಿ ಗೆದ್ದ ಮೂರನ್ನು ಬಿಟ್ಟಿದ್ದೀಯ. ನಾನೇನು ಲೆಕ್ಕ ಇಟ್ಟಿಲ್ಲ, ಎಲ್ಲೋ ಕಣ್ಣಿಗೆ ಬಿದ್ದಿತ್ತು ಅಷ್ಟೆ.

ಬ್ಲಾಕ್ ಮಾಡಿದ್ದೇಕೆ ಎಂದು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ಪ್ರಮೋಷನ್ ತಪ್ಪಿ ರೈಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ದಿನವೇ ನೀನು ಕಪ್ಪು ಎತ್ತಿ ಹಿಡಿದು ಮೂವತ್ತೆರಡು ಹಲ್ಲು ತೋರಿಸುವ ಫೋಟೊ ಕಳಿಸಿದೆ. ಅದನ್ನು ಫ್ರೇಮ್ ಹಾಕಿಸಿ ದೇವರ ಮನೆಯಲ್ಲಿ ಇಡಬೇಕಿತ್ತಾ?

ಇಲ್ಲಿ ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ ಪ್ರಸಾದಕ್ಕಿಂತ ಮೊದಲು ನೀನು ಬರುತ್ತೀಯ. "ಮೆಲ್ಬರ್ನ್ ಬೋನಾ ಅವ್ರು ನಿಮ್ ಫ್ರೆಂಡ್ ಅಂತೆ? ಅಬ್ಬಾ! ನೀವೂ ಆಡ್ತಿದ್ರಾ ಸಾರ್?" ಎಂದು ಕೇಳುತ್ತಾರೆ. ಆ ಕೊನೆಯ ಪ್ರಶ್ನೆಯಲ್ಲಿ ನನ್ನ ಹೊಟ್ಟೆಯ ಸುತ್ತಳತೆಯನ್ನು ನೋಡಿ ಮಾಡುವ ಒಂದು ವಿರಾಮವಿರುತ್ತದೆ. ಅದರಷ್ಟು ಉರಿ ಬೇರೆ ಯಾವುದೂ ಕೊಡುವುದಿಲ್ಲ.

ಆ ತಿರುಗು ಚೆಂಡನ್ನು ನಿನಗೆ ಕಲಿಸಿದ್ದು ಯಾರು? ಮಹಾರಾಜ ಕಾಲೇಜಿನ ಮೈದಾನದಲ್ಲಿ ಒಂದು ಬೇಸಿಗೆಯಿಡೀ ನಿನ್ನ ಬೆರಳು ಹಿಡಿದು ಚೆಂಡಿನ ಹೊಲಿಗೆಯ ಮೇಲೆ ಕೂರಿಸಿದ್ದು ಯಾರು? ಪಿ.ಟಿ. ಮೇಷ್ಟ್ರು ಚನ್ನಮಲ್ಲಪ್ಪ ಎಲ್ಲರ ಮುಂದೆಯೇ ಹೇಳುತ್ತಿದ್ದರು: "ತಲೆ ಭಾಸ್ಕರಂದು, ಕೈ ಬೋನಾಂದು." ಈಗ ತಲೆ ಸಿಡ್ನಿಯಲ್ಲಿ ಕೂತು ಸ್ಪ್ರೆಡ್‌ಶೀಟ್ ನೋಡುತ್ತಿದೆ. ಕೈಗೆ ಸನ್ಮಾನ. ಹತ್ತು ವರ್ಷ ದುಡಿದದ್ದಕ್ಕೆ ನನ್ನ ಕಂಪನಿ ಒಂದು ಗಾಜಿನ ತುಂಡು ಕೊಟ್ಟಿದೆ. ಜಯಾ ಅದರ ಮೇಲೆ ಬಿಸಿ ಪಾತ್ರೆ ಇಡುತ್ತಾಳೆ.

ಅದೂ ಹೋಗಲಿ. ನನ್ನ ಮಗಳು ಫಿಸಿಯೊಥೆರಪಿ ಓದುತ್ತೇನೆಂದು ಮೆಲ್ಬರ್ನಿಗೆ ಹೋದವಳು ನೇರವಾಗಿ ನಿನ್ನ ಹೆಂಗಸರ ತಂಡಕ್ಕೆ ಹೋಗಿ ಕ್ಯಾಚರ್ ಆಗಿ ಕೂತಳು. ಫೋನ್ ಮಾಡಿದರೆ ಎರಡು ಮಾತಿಗೊಮ್ಮೆ "ಬೋನಾ ಅಂಕಲ್ ಸೇಸ್" ಎನ್ನುತ್ತಾಳೆ. ಕೂರುವುದನ್ನು, ಗ್ಲವ್ ಹಿಡಿಯುವುದನ್ನು, ಹೆಬ್ಬೆರಳಿನ ಸನ್ನೆಯನ್ನು ಒಂಬತ್ತನೇ ವಯಸ್ಸಿನಿಂದ ನಮ್ಮ ಹಿತ್ತಲಿನಲ್ಲಿ ಕಲಿಸಿದವನು ನಾನು. ಅವಳಿಗೆ ಈಗ ನನ್ನ ಮಾತು ಹಳೆಯದು, ನಿನ್ನದು ವೇದ. ನಿನ್ನ ಮಗ ಓಲ್ವಿನ್ ಚೆಂಡು ಮುಟ್ಟಲಿಲ್ಲವೆಂದು ನನ್ನ ಮಗಳನ್ನು ಎತ್ತಿಕೊಂಡೆಯಾ?

ಲೇಖನದ ಆ ಕೊನೆಯ ಸಾಲು, "ಅದು ನನ್ನ ತಪ್ಪು" ಎಂಬುದು, ಅದನ್ನು ತೆಗೆದುಹಾಕು. ಔದಾರ್ಯ ತೋರಿಸಿ ಇನ್ನೊಂದು ಚಪ್ಪಾಳೆ ಗಿಟ್ಟಿಸಬೇಡ. ಆ ಚೆಂಡಿನ ವಿಷಯವೇ ಬೇಡ.

ನಾನು ಬರುವುದಿಲ್ಲ.

ಯಾರ ಕ್ಯಾಚರೂ ಅಲ್ಲದ,
ಭಾಸ್ಕರ


ಕ್ರೇಗಿಬರ್ನ್
20 ಆಗಸ್ಟ್ 2025

ಭಾಸ್ಕರಾ,

ಎಪ್ಪತ್ತೊಂದು ಎಂದು ತಿದ್ದಿಕೊಂಡೆ. ಅಸುಂತಾ ನಿನ್ನ ಪತ್ರ ಓದಿ ನಕ್ಕಳು, ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ.

ಔದಾರ್ಯ ಅಲ್ಲ ಮಾರಾಯ. ನಾನು ಸತ್ಯ ಬರೆದದ್ದು. ನಿನ್ನ ಮಗಳು ತಂಡಕ್ಕೆ ಬಂದ ಮೊದಲ ದಿನ ಬ್ಯಾಗ್ ಕೆಳಗಿಡುವ ಮೊದಲೇ ನನ್ನನ್ನು ಕೇಳಿದ್ದೇನು ಗೊತ್ತಾ? "ನಮ್ಮಪ್ಪ ಸ್ಟ್ರೇಟ್ ಕೇಳಿದ್ರು, ನೀವು ಕರ್ವ್ ಹಾಕಿದ್ರಿ. ಯಾಕೆ?" ಇಪ್ಪತ್ತು ಹುಡುಗಿಯರು ಸುತ್ತ ನಿಂತಿದ್ದರು. ಹೌದು ಪುಟ್ಟಿ, ನನ್ನದೇ ತಪ್ಪು ಎಂದೆ. ಆಮೇಲೆಯೇ ಅವಳು ಬ್ಯಾಗ್ ಇಳಿಸಿದ್ದು. ನಿನ್ನನ್ನು ಬಿಟ್ಟು ಅವಳು ಎಲ್ಲಿಗೂ ಹೋಗಿಲ್ಲ.

ಈಗ ಒಂದು ಸುದ್ದಿ ಉಂಟು. ಅಂದು ಸ್ಕೋರ್ ಬರೆಯುತ್ತಿದ್ದ ಆ ಮುದುಕಿಯ ನೆನಪಿದೆಯಾ, ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದವರು? ತೀರಿಹೋದರು. ಅವರ ಗ್ಯಾರೇಜ್ ಖಾಲಿ ಮಾಡುವಾಗ ಮಗನಿಗೆ ಆ ಪಂದ್ಯದ ವಿಡಿಯೊ ಕ್ಯಾಸೆಟ್ ಸಿಕ್ಕಿದೆ. ಪೂರ್ತಿ ಪಂದ್ಯ! ಈಗಿನ ಯಂತ್ರಕ್ಕೆ ಹೊಂದಿಸಲು ಅಂಗಡಿಗೆ ಕೊಟ್ಟಿದ್ದಾರೆ, ಅಕ್ಟೋಬರಿನಲ್ಲಿ ಬರುತ್ತದೆ. ನವೆಂಬರ್ ಎಂಟಕ್ಕೆ ಕ್ಲಬ್ಬಿನ ದೊಡ್ಡ ಪರದೆಯ ಮೇಲೆ ಹಾಕುತ್ತಾರೆ.

ನನಗೆ ಇಪ್ಪತ್ತಾರು ವರ್ಷದಿಂದ ಒಂದೇ ಆಸೆ. ನಿನ್ನ ಹೆಬ್ಬೆರಳು ಎಲ್ಲಿತ್ತು ಎಂದು ನೋಡಬೇಕು. ನಾನು ಕಂಡದ್ದು ಉಂಗುರದ ಬೆರಳಿನ ಗೆಣ್ಣು. ನೀನು ಕಿರುಬೆರಳು ಎಂದು ಎಲ್ಲರೆದುರು ಕೂಗಿದೆ. ನಿನ್ನನ್ನು ನಂಬಿದೆ, ನನ್ನ ಕಣ್ಣನ್ನು ಬಿಟ್ಟೆ. ಅಂದಿನಿಂದ ಯಾವ ಕ್ಯಾಚರ್ ಸನ್ನೆ ಮಾಡಿದರೂ ಎರಡು ಸಲ ನೋಡಿಯೇ ಎಸೆಯುತ್ತಿದ್ದೆ. ಜನ ಅದನ್ನು ನನ್ನ ಸ್ಟೈಲ್ ಅಂದುಕೊಂಡರು.

ಈಗ ನನ್ನ ಕಣ್ಣು ಮಂಜು. ಪ್ರಣತಿ ಓದಿ ಹೇಳುತ್ತಾಳೆ. ಗೆಣ್ಣಿನ ಭಾಷೆ ಬರುವ ಮೂರನೆಯವಳು ಅವಳೇ ಅಲ್ಲವಾ?

ಬಾ.

ಬೋನಾ


ಮ್ಯಾಕ್ವೆರಿ ಪಾರ್ಕ್
1 ಸೆಪ್ಟೆಂಬರ್ 2025

ಬೋನಾ,

ಆ ಕ್ಯಾಸೆಟ್ ಹಾಕಬೇಡ.

ಕಾರಣ ಬೇಕಾದರೆ ಬೇಕಾದಷ್ಟಿವೆ. ನನ್ನ ಒಪ್ಪಿಗೆಯಿಲ್ಲದೆ ನನ್ನ ಚಿತ್ರ ತೋರಿಸುವುದು ಈ ದೇಶದಲ್ಲಿ ಸರಿಯಲ್ಲ. ಆಗ ನನಗಿದ್ದ ಮೀಸೆಯನ್ನು ನೋಡಿದರೆ ನಿನ್ನ ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. ಹಳೆಯ ಕ್ಯಾಸೆಟ್‌ಗಳಲ್ಲಿ ಬೂಷ್ಟು ಇರುತ್ತದೆ, ಅಸುಂತಾಗೆ ಆಸ್ತಮಾ ಇದೆಯಲ್ಲ.

ನಿನಗೆ ಏನು ಕಡಿಮೆಯಾಗಿದೆ ಹೇಳು. ಆಟ ನಿನಗೆ ಸಿಕ್ಕಿತು. ಎಪ್ಪತ್ತೊಂದು ಗೆಲುವು ಸಿಕ್ಕಿತು. ಹೆಸರು, ಕಪ್ಪು, ಪರದೆ, ಸಂಘದ ಸೊವನೀರ್. ಬ್ರೆಡ್ ವ್ಯಾನ್ ಓಡಿಸಿದೆ ಎಂಬುದು ಕೂಡ ನಿನ್ನ ಕಥೆಯಲ್ಲಿ ಒಂದು ಪದಕದಂತೆ ಹೊಳೆಯುತ್ತದೆ. ನಾನು ಅದಕ್ಕಿಂತ ಹೆಚ್ಚು ಸಂಪಾದಿಸಿದೆ, ಒಬ್ಬರೂ ಅದರ ಮೇಲೆ ಲೇಖನ ಕೇಳಲಿಲ್ಲ. ನನ್ನ ಪಾಲಿಗೆ ಇದ್ದದ್ದು ಒಂದೇ ಒಂದು ಕಥೆ. "ನಾನು ಕೇಳಿದ್ದು ಒಂದು, ಅವನು ಎಸೆದದ್ದು ಇನ್ನೊಂದು" ಎಂಬುದು. ಅದನ್ನು ಹೇಳಿಕೊಂಡೇ ಮದುವೆಯಾದೆ, ಹೇಳಿಕೊಂಡೇ ಮಗಳನ್ನು ಬೆಳೆಸಿದೆ. ಈಗ ಅದನ್ನೂ ಪರದೆಗೆ ಹಾಕಿ ಅಳೆಯಬೇಕಾ?

ಸ್ಕೋರರ್ ಬರೆದದ್ದು ಬರೆದಾಯಿತು. ಬಿಟ್ಟುಬಿಡು.

ಭಾಸ್ಕರ


ಟಾರ್ನೀಟ್, ಮೆಲ್ಬರ್ನ್
21 ಸೆಪ್ಟೆಂಬರ್ 2025

ಅಪ್ಪ,

ಕನ್ನಡದಲ್ಲಿ ಬರೆಯುತ್ತಿದ್ದೇನೆ, ಸಂಡೇ ಕನ್ನಡ ಸ್ಕೂಲಿಗೆ ನೀವು ಕೊಟ್ಟ ಪೆಟ್ರೋಲ್ ವೇಸ್ಟ್ ಆಗಬಾರದು ಎಂದು. ತಪ್ಪಿದ್ದರೆ ಕೆಂಪು ಪೆನ್ ಬೇಡ, ಪ್ಲೀಸ್.

ಬೋನಾ ಅಂಕಲ್ ನಿಮ್ಮ ಲೆಟರ್ ತೋರಿಸಲಿಲ್ಲ. ಆದರೆ ಅದನ್ನು ಓದಿ ಗ್ರೌಂಡ್ ಪಕ್ಕದ ಡಗ್‌ಔಟ್‌ನಲ್ಲಿ ಒಬ್ಬರೇ ಕೂತಿದ್ದರು. ನಾನು ಕೇಳಿದ್ದಕ್ಕೆ "ನಿನ್ನ ಅಪ್ಪನಿಗೆ ವಿಡಿಯೊ ಬೇಡವಂತೆ" ಎಂದರು, ಅಷ್ಟೆ. ಯಾಕೆ ಅಪ್ಪ? ನಿಮಗೆ ಖುಷಿ ಆಗಬೇಕಲ್ಲವಾ? ಎಲ್ಲರೂ ನೋಡಲಿ, ನೀವು ಸರಿಯಾಗಿ ಕೇಳಿದ್ದಿರಿ ಎಂದು. ಚಿಕ್ಕವಳಿದ್ದಾಗಿನಿಂದ ನಾನು ಅದನ್ನು ಪ್ರೂವ್ ಮಾಡಬೇಕು ಎಂದುಕೊಂಡಿದ್ದೇನೆ. ಅದಕ್ಕೇ ಈ ಕ್ಲಬ್ ಸೇರಿದ್ದು. ನಿಮಗೆ ಹೇಳಿರಲಿಲ್ಲ.

ನಮ್ಮ ತಂಡದಲ್ಲಿ ಈಗ ಎಲ್ಲರೂ ಗೆಣ್ಣಿನಲ್ಲೇ ಎಣಿಸುತ್ತಾರೆ. ವಿಯೆಟ್ನಾಮಿನ ಹುಡುಗಿ, ಗ್ರೀಕ್ ಹುಡುಗಿ, ಎಲ್ಲರೂ. ಅದಕ್ಕೆ "ಗೌರಕ್ಕ ಸಿಗ್ನಲ್ಸ್" ಎಂದು ಹೆಸರು. ಮುತ್ತಜ್ಜಿಗೆ ಗೊತ್ತಾಗಿದ್ದರೆ ಏನೆನ್ನುತ್ತಿದ್ದರೋ.

ನೀವು ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಅಮ್ಮ ಹೇಳಿದರು. ಊಟ ಮಾಡಿ. ನವೆಂಬರ್‌ಗೆ ಬನ್ನಿ. ವಿಡಿಯೊ ನಾನೇ ಓದುತ್ತೇನೆ.

ಲವ್ ಯೂ,
ಪ್ರಣತಿ


ಮ್ಯಾಕ್ವೆರಿ ಪಾರ್ಕ್
30 ಸೆಪ್ಟೆಂಬರ್ 2025

ಬೋನಾ,

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಆಫೀಸಿನ ಲಂಚ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆದರೆ ಜಯಾ ಮುಖ ನೋಡಿಯೇ ಓದಿಬಿಡುತ್ತಾಳೆ.

ನನ್ನ ಹೆಬ್ಬೆರಳು ಉಂಗುರದ ಬೆರಳಿನ ಗೆಣ್ಣಿನ ಮೇಲೆಯೇ ಇತ್ತು.

ನೀನು ಸರಿಯಾಗಿ ಓದಿದೆ. ತಿರುಗು ಚೆಂಡನ್ನೇ ಕೇಳಿದ್ದೆ. ತೀರ ಕೆಳಗೆ ಬೇಕೆಂದು ಗ್ಲವ್‌ನಿಂದ ನೆಲವನ್ನೂ ತಟ್ಟಿದ್ದೆ. ನಾನು ಕೇಳಿದ ಜಾಗಕ್ಕೇ ನೀನು ಹಾಕಿದೆ. ಅಷ್ಟು ಚೆನ್ನಾದ ಚೆಂಡನ್ನು ನೀನು ಅದಕ್ಕೆ ಮೊದಲು ಎಸೆದಿರಲಿಲ್ಲ.

ಆ ಬೆಳಿಗ್ಗೆಯಿಂದ ಆಯ್ಕೆದಾರರು ಇಬ್ಬರು ಬೇಲಿಗೆ ಒರಗಿ ನಿಂತಿದ್ದರು, ನೆನಪಿರಬಹುದು. ಅವರ ಕಣ್ಣು ಒಂದು ಸಲವಾದರೂ ನನ್ನ ಕಡೆ ಹೊರಳಲಿಲ್ಲ. ನಾನು ಕೇಳುತ್ತಿದ್ದೆ, ನೀನು ಎಸೆಯುತ್ತಿದ್ದೆ, ದಾಂಡಿಗರು ಔಟಾಗುತ್ತಿದ್ದರು, ಆಯ್ಕೆದಾರರು ನಿನ್ನ ಹೆಸರಿನ ಮುಂದೆ ಏನೋ ಗೀಚುತ್ತಿದ್ದರು. ಎಂಟನೇ ಸರದಿ ಮುಗಿದಾಗ ಒಬ್ಬ ನಿನ್ನ ಹೆಸರನ್ನು ಹೇಗೆ ಉಚ್ಚರಿಸುವುದೆಂದು ಬಂದು ಕೇಳಿದ. ಕೇಳಿದ್ದು ನನ್ನನ್ನು! ಬೊ-ನ-ವೆಂ-ಚರ್ ಎಂದು ಬಿಡಿಸಿ ಹೇಳಿಕೊಟ್ಟೆ. ನನ್ನ ಹೆಸರನ್ನು ಅವನು ಕೇಳಲಿಲ್ಲ.

ಅಲ್ಲಿಂದ ನನ್ನ ತಲೆ ಕೆಟ್ಟಿತು. ಮೂರನೇ ಬೇಸಿನಲ್ಲಿ ಎದುರಾಳಿಗಳ ಆಟಗಾರ ನಿಂತಿದ್ದ, ಅಂಕ ಸಮವಾಗಿತ್ತು. ಚೆಂಡು ನನ್ನನ್ನು ದಾಟಿದರೆ ಅವನು ಓಡಿ ಬಂದು ಗೆಲುವಿನ ಅಂಕ ಗಳಿಸುತ್ತಿದ್ದ. ಒಂದೇ ಒಂದು ಚೆಂಡು ಬೋನಾನ ಹೆಸರಿಗೆ ಕೆಟ್ಟದಾಗಿ ಬೀಳಲಿ ಎಂದುಕೊಂಡೆ. ನೆಲಕ್ಕೆ ಬಿದ್ದ ಚೆಂಡು ಹಿಂದೆ ಹೋದರೆ ಅದನ್ನು ಪಿಚರನ ತಪ್ಪು ಎಂದು ಬರೆಯುವುದೇ ಹೆಚ್ಚು. ಅಂಥ ಚೆಂಡಿಗೆ ಕ್ಯಾಚರ್ ಎರಡೂ ಮಂಡಿ ಊರಿ ಮೈಯನ್ನೇ ಅಡ್ಡ ಹಾಕಬೇಕು, ಬ್ಲಾಕ್ ಮಾಡುವುದು ಎಂದರೆ ಅದೇ. ನೂರಾರು ಸಲ ಹಾಗೆ ಬಿದ್ದವನು ನಾನು, ಎದೆಯೆಲ್ಲ ನೀಲಿಯಾಗುವಷ್ಟು. ಅಂದು ಬೀಳಲಿಲ್ಲ. ಗ್ಲವ್ ಮಾತ್ರ ಚಾಚಿದೆ. ಚೆಂಡು ಹೋಯಿತು.

ಆ ಮುದುಕಿ ಟೀ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. ಅವಳಿಗೆ ಗೊತ್ತಾಗಿತ್ತು. ಕ್ಯಾಚರ್ ತಪ್ಪು ಎಂದು ಬರೆದಳು. ಅದನ್ನು ನೋಡಿದ್ದೇ ತಡ ನಾನು ನಿನ್ನ ಮೇಲೆ ಕೂಗಾಡಿದೆ: "ನೇರ ಕೇಳಿದ್ದೆ ಕಣೋ, ಕರ್ವ್ ಯಾಕೋ ಹಾಕ್ದೆ?" ಆಮೇಲೆ ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಅದನ್ನೇ ಹೇಳಿದೆ. ನೀನು ಒಂದು ಮಾತನ್ನೂ ಆಡಲಿಲ್ಲ. ನಿನ್ನ ಆ ಮೌನವನ್ನು ನೋಡಿ, ಇವನು ಒಪ್ಪಿಕೊಂಡನಲ್ಲ, ಹಾಗಾದರೆ ನಾನು ಹೇಳಿದ್ದೇ ನಿಜವಿರಬೇಕು ಎಂದು ನನಗೇ ಅನ್ನಿಸಲು ಶುರುವಾಯಿತು. ಆಮೇಲೆ ಅದನ್ನು ಎಷ್ಟು ಸಲ ಹೇಳಿದೆನೆಂದರೆ, ಸುಳ್ಳು ಎಂಬುದು ನನಗೆ ವರ್ಷಕ್ಕೆ ಒಂದೆರಡು ಸಲ ಮಾತ್ರ ನೆನಪಾಗುತ್ತಿತ್ತು.

ಪಶ್ಚಾತ್ತಾಪ ತಾನಾಗಿ ಉಕ್ಕಿ ಬಂದು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಕ್ಯಾಸೆಟ್ಟಿಗೆ ಹೆದರಿ ಬರೆಯುತ್ತಿದ್ದೇನೆ. ಪ್ರಣತಿ ನನ್ನ ಪರವಾಗಿ ಸಾಕ್ಷಿ ಹೇಳಲೆಂದೇ ನಿನ್ನ ಕ್ಲಬ್ ಸೇರಿದ್ದಳಂತೆ. ಅವಳು ಪರದೆಯ ಮುಂದೆ ನಿಂತು ಆ ಹೆಬ್ಬೆರಳನ್ನು ಓದುವುದನ್ನು ನಾನು ನೋಡಲಾರೆ. ಈ ಕಾಗದವನ್ನು ಅವಳಿಗೆ ಕೊಟ್ಟುಬಿಡು. ನನ್ನ ಬಾಯಿಂದ ಹೇಳಲು ಆಗುವುದಿಲ್ಲ.

ಈಗಲೂ ನಿನ್ನ ಮೇಲೆ ಹೊಟ್ಟೆಕಿಚ್ಚಿದೆ. ಅದು ಹೋಗಿದೆ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

ಭಾಸ್ಕರ


ಕ್ರೇಗಿಬರ್ನ್
19 ಅಕ್ಟೋಬರ್ 2025

ಭಾಸ್ಕರ,

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಮೊದಲ ವಾರ ಬ್ರೆಡ್ ವ್ಯಾನನ್ನು ಎರಡು ಸಲ ಬೇರೆ ಅಂಗಡಿಗೆ ಓಡಿಸಿದೆ.

ಪ್ರತಿ ವರ್ಷ ಪಾಸ್ಖ ಹಬ್ಬದ, ಅಂದರೆ ಈಸ್ಟರಿನ ಮೊದಲು ನಾನು ಇಗರ್ಜಿಯಲ್ಲಿ ಪಾಪನಿವೇದನೆ ಮಾಡುತ್ತೇನೆ. ಇಪ್ಪತ್ತಾರು ವರ್ಷವೂ ಆ ಚೆಂಡನ್ನು ಹೇಳಿದ್ದೇನೆ. ನನ್ನ ಅಜಾಗ್ರತೆಯಿಂದ ಗೆಳೆಯನ ಬದುಕು ಹಾಳಾಯಿತು ಎಂದು ಮೂವರು ಪಾದ್ರಿಗಳ ಕಿವಿಯಲ್ಲಿ ಅತ್ತಿದ್ದೇನೆ. ಕೊನೆಯ ಪಾದ್ರಿಯವರು ಕೇರಳದವರು, ಚಿಕ್ಕ ಪ್ರಾಯ. "ಅಂಕಲ್, ಇದನ್ನು ದೇವರು ಎಂದೋ ಕ್ಷಮಿಸಿಯಾಯಿತು, ಬೇರೆ ಏನಾದರೂ ಹೇಳಿ" ಎಂದರು. ನಿನ್ನ ಪಾಪಕ್ಕೆ ನಾನು ಮೊಣಕಾಲೂರಿದೆ ಭಾಸ್ಕರ. ಮೊದಲ ಕಪ್ಪು ಗೆದ್ದ ದಿನವೂ ಇದು ನನ್ನದಲ್ಲ, ಅವನಿಗೆ ಸೇರಬೇಕಾದ್ದು ಎಂದು ಊಟ ಸೇರಲಿಲ್ಲ. ನೀನು ನೋಡಿ ನನ್ನನ್ನು ಬ್ಲಾಕ್ ಮಾಡಿದ ಆ ಫೋಟೊ ಇದೆಯಲ್ಲ, ಅದನ್ನು ನಿನಗೆ ಕಳಿಸಿದ್ದು ಅರ್ಧ ನಿನ್ನದು ಎಂದು ಹೇಳುವುದಕ್ಕೆ.

ನಿನಗೆ ಹೊಟ್ಟೆಕಿಚ್ಚು ಎಂದು ನನಗೆ ಗೊತ್ತಿತ್ತು. ನನಗೂ ಇತ್ತು. ನೀನು ಒಂದು ಸಲ ನೋಡಿದರೆ ದಾಂಡಿಗನ ಮನಸ್ಸಿನಲ್ಲಿ ಏನುಂಟು ಎಂದು ಹೇಳುತ್ತಿದ್ದೆ. ಹದಿಮೂರು ವರ್ಷ ಮ್ಯಾನೇಜರ್ ಆಗಿಯೂ ನನಗೆ ಅದು ಬರಲಿಲ್ಲ. ಎಷ್ಟೋ ಪಂದ್ಯದಲ್ಲಿ, ಇಲ್ಲಿ ಭಾಸ್ಕರ ಇದ್ದರೆ ಏನು ಕೇಳುತ್ತಿದ್ದ ಎಂದು ಯೋಚಿಸಿ ಹೇಳಿದ್ದೇನೆ. ಆದರೆ ನಾನು ನಿನ್ನ ಚೆಂಡನ್ನು ಬಿಡಲಿಲ್ಲ.

ಕ್ಯಾಸೆಟ್ ಬಂತು. ನೋಡಿದೆ. ನೀನು ಅದರಲ್ಲಿ ಇಲ್ಲ. ಕ್ಯಾಮೆರಾ ಹಿಡಿದವನು ಇಡೀ ಪಂದ್ಯ ನನ್ನನ್ನೇ ತೆಗೆದಿದ್ದಾನೆ. ನಾನು ಎಸೆಯುತ್ತೇನೆ, ಚೆಂಡು ಪರದೆಯ ಅಂಚು ದಾಟುತ್ತದೆ, ಮತ್ತೆ ನಾನು. ನಿನ್ನ ಕೈ, ಬೆರಳು, ಮೀಸೆ, ಏನೂ ಇಲ್ಲ. ನೀನು ಬರೆಯದಿದ್ದರೆ ಸಾಯುವವರೆಗೂ ನನಗೆ ಗೊತ್ತಾಗುತ್ತಿರಲಿಲ್ಲ.

ನಿನ್ನ ಪತ್ರವನ್ನು ಪ್ರಣತಿಗೆ ಕೊಡುವುದಿಲ್ಲ. ಅದು ನನ್ನ ಕೆಲಸ ಅಲ್ಲ. ಎಂಟನೇ ತಾರೀಖು ನೀನು ಬರುವುದಾದರೆ ಬಾ. ಬೆಂಚಿನಲ್ಲಿ ಕೂರು. ಕೊನೆಯ ಚೆಂಡನ್ನು ಅವಳು ಹಿಡಿಯುತ್ತಾಳೆ.

ಬೊನವೆಂಚರ್


ಮ್ಯಾಕ್ವೆರಿ ಪಾರ್ಕ್
10 ನವೆಂಬರ್ 2025

ಬೋನಾ,

ನಿನ್ನೆ ಸಂಜೆ ವಾಪಸ್ ಬಂದೆವು. ಮಂಡಿ ನೋಯುತ್ತಿದೆ, ನಾನು ಕೂತೇ ಇದ್ದರೂ.

ಕ್ಯಾಸೆಟ್ಟಿನಲ್ಲಿ ನಾನಿಲ್ಲ ಎಂದು ಓದಿದಾಗ ಮೊದಲು ಬಂದದ್ದು ಸಮಾಧಾನವಲ್ಲ, ಸಿಟ್ಟು. ಅದರಲ್ಲೂ ನೀನೊಬ್ಬನೇ! ಬರೆಯುವ ಮೊದಲು ಇನ್ನು ಮೂರು ವಾರ ಕಾದಿದ್ದರೆ ನನ್ನ ಕಥೆ ನನಗೇ ಉಳಿಯುತ್ತಿತ್ತು ಎಂದೂ ಅನ್ನಿಸಿತು. ಮುಚ್ಚಿಡುವುದಿಲ್ಲ. ಒಂದು ದಿನ ಪೂರ್ತಿ ಹಾಗೆ ಅನ್ನಿಸಿತು.

ಶನಿವಾರ ಪ್ರಣತಿ ನಮ್ಮನ್ನು ಕರೆದುಕೊಂಡು ಹೋಗಲು ಟಾರ್ನೀಟ್ ಸ್ಟೇಷನ್ನಿಗೆ ಬಂದಿದ್ದಳು. ಜಯಾ ಕರಿಬೇವು ಸಿಗುತ್ತದೆಂದು ಎದುರಿನ ಅಂಗಡಿಗೆ ಹೋದಳು. ಕಾರಿನಲ್ಲಿ ನಾವಿಬ್ಬರೇ ಇದ್ದೆವು, ಹಿಂದಿನ ಸೀಟಿನಲ್ಲಿ ಅವಳ ಬೆವರಿನ ಗ್ಲವ್. ಹೇಳಿಬಿಟ್ಟೆ. ಉಂಗುರದ ಬೆರಳು ಎಂದೆ. ನೆಲ ತಟ್ಟಿದ್ದನ್ನೂ, ಮಂಡಿ ಊರದೆ ಗ್ಲವ್ ಮಾತ್ರ ಚಾಚಿದ್ದನ್ನೂ ಹೇಳಿದೆ. ಅವಳು ಸ್ಟೀರಿಂಗ್ ಹಿಡಿದುಕೊಂಡು ಮುಂದೆಯೇ ನೋಡುತ್ತಿದ್ದಳು.

"ಸೋ ಯೂ ಡಿಡಂಟ್ ಬ್ಲಾಕ್," ಎಂದಳು.

"ಇಲ್ಲ ಮಗಳೇ."

"ಫಸ್ಟ್ ಡೇ ಎಲ್ಲರ ಮುಂದೆ ನಾನು ಅಂಕಲ್‌ನ ಕೇಳಿದ್ದೆ ಅಪ್ಪ. ಅವರು ಸಾರಿ ಅಂದ್ರು. ನಂಗೆ!"

ಜಯಾ ಕರಿಬೇವಿನೊಂದಿಗೆ ಬಂದು ಕೂತು ನಮ್ಮಿಬ್ಬರ ಮುಖ ನೋಡಿ, ಕಿಟಕಿ ಇಳಿಸಿ, ಮೈದಾನ ಬರುವವರೆಗೂ ಹೊರಗೆ ನೋಡುತ್ತಿದ್ದಳು. ಕಾರು ನಿಲ್ಲಿಸಿದ ಮೇಲೆ ಪ್ರಣತಿ ಬ್ಯಾಗ್ ತೆಗೆದುಕೊಂಡು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದಳು. "ಐ ಬ್ಲಾಕ್," ಎಂದಳು. "ಯಾರ ಮೇಲೆ ಎಷ್ಟೇ ಕೋಪ ಇದ್ರೂ. ನೀವೇ ಹೇಳ್ಕೊಟ್ಟಿದ್ದು." ಹೋದಳು.

ನನ್ನ ಪಕ್ಕದಲ್ಲಿ ಸಂಘದವರೊಬ್ಬರು ಕೂತಿದ್ದರು, ದಾವಣಗೆರೆಯ ರುದ್ರಪ್ಪ. "ಸಾರ್, ಇದೂ ಕ್ರಿಕೆಟ್ ತರಾನೇ ಅಲ್ವಾ?" ಎಂದು ಕೇಳುತ್ತಲೇ ಇದ್ದರು. ನೀನು ಮೈದಾನಕ್ಕೆ ಬಂದಾಗ ಎಲ್ಲರೂ ಎದ್ದು ನಿಂತರು. ನಾನೂ ನಿಂತೆ, ಕೊನೆಯವನಾಗಿ. ನಿನ್ನ ಬಲಭುಜ ಇಳಿದಿದೆ ಬೋನಾ. ಪರದೆಯಲ್ಲಿ ಇಪ್ಪತ್ತನಾಲ್ಕರ ನೀನು ಎಸೆಯುತ್ತಿದ್ದೆ, ಅದರ ಕೆಳಗೆ ಐವತ್ತರ ನೀನು ನಿಂತಿದ್ದೆ. ಆ ಹಳೆಯ ಚೆಂಡು ಪರದೆಯ ಅಂಚು ದಾಟಿದಾಗ ಅದು ಎಲ್ಲಿಗೆ ಹೋಯಿತೆಂದು ಆ ಬೆಂಚಿನಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಪ್ರಣತಿ ಕುಕ್ಕರುಗಾಲಿನಲ್ಲಿ ಕೂತಳು. ಬೆಂಚಿನಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಆದರೆ ಬಲ ಮೊಣಕೈ ಒಂದಿಷ್ಟು ಒಳಕ್ಕೆ ಸರಿದದ್ದು ಕಂಡಿತು. ಕಿರುಬೆರಳಿಗೆ ಮೊಣಕೈ ಅಷ್ಟು ಸರಿಯುವುದಿಲ್ಲ. ಆಮೇಲೆ ಅವಳು ಗ್ಲವ್‌ನಿಂದ ನೆಲ ತಟ್ಟಿದಳು. ನೀನು ಎರಡು ಸಲ ನೋಡಲಿಲ್ಲ. ಒಂದೇ ಸಲ ನೋಡಿ ತಲೆಯಾಡಿಸಿದೆ.

ಬೀಳ್ಕೊಡುಗೆಯ ಚೆಂಡು ಮೆಲ್ಲಗೆ ನೇರವಾಗಿ ಬರುತ್ತದೆ ಎಂದು ಎಲ್ಲರೂ ಫೋನ್ ಹಿಡಿದಿದ್ದರು. ಅದು ಬಂತು, ತಿರುಗಿತು, ದಾಂಡಿಗ ನಿಲ್ಲುವ ಪ್ಲೇಟಿಗೆ ಒಂದು ಗೇಣು ಮೊದಲೇ ಮಣ್ಣಿಗೆ ಬಿತ್ತು. ಅವಳು ಎರಡೂ ಮಂಡಿಯನ್ನು ನೆಲಕ್ಕೆ ಹೊಡೆದು ಅಡ್ಡ ಬಿದ್ದಳು. ಎದೆಗೆ ಬಡಿದ ಸದ್ದು ನನಗೆ ಕೇಳಿಸಿತು. ಚೆಂಡು ಅವಳ ಮುಂದೆಯೇ ಸತ್ತು ಬಿತ್ತು. ಜನ ಪಾಪ ವಯಸ್ಸಾಯಿತು ಎಂದು ನಕ್ಕು ಚಪ್ಪಾಳೆ ತಟ್ಟಿದರು. "ಮಿಸ್ ಆಯ್ತಾ ಸಾರ್?" ಎಂದರು ರುದ್ರಪ್ಪ. ಇಲ್ಲ ಎಂದೆ.

ನಿನ್ನ ಮೇಲೆ ಇಪ್ಪತ್ತಾರು ವರ್ಷ ಹೊಟ್ಟೆಕಿಚ್ಚುಪಟ್ಟಿದ್ದೇನೆ. ಆ ಗಳಿಗೆಯಲ್ಲಿ ನಿನ್ನ ಮೇಲೆ ಅದು ಇರಲಿಲ್ಲ. ಇದ್ದದ್ದು ಅವಳ ಮೇಲೆ. ನನ್ನ ಮಗಳ ಮೇಲೆ. ಅಷ್ಟು ಸುಲಭವಿತ್ತು ಅದು. ಮಂಡಿ ಊರುವುದು, ಅಷ್ಟೆ. ನನ್ನ ಜಾಗದಲ್ಲಿ ಅವಳು ಬಿದ್ದಳು. ನಾನು ಅವಳಾಗಿದ್ದರೆ ಎಂದು ಬೆಂಚಿನ ಮೇಲೆ ಕೂತು ಅತ್ತೆ. ಜಯಾ ಕರಿಬೇವಿನ ಚೀಲವನ್ನು ನನ್ನ ತೊಡೆಯ ಮೇಲಿಟ್ಟು ಕರ್ಚೀಫ್ ಹುಡುಕಿದಳು.

ನೀನು ಬೇಲಿಯ ಆಚೆಯಿಂದಲೇ ಹೋದೆ, ನಿಲ್ಲಲಿಲ್ಲ. "ಲೇಖನ ಎಲ್ಲಿ ಮಾರಾಯ? ಸಿಂಚನಾ ಕೇಳ್ತಾ ಇದ್ದಾಳೆ" ಎಂದಷ್ಟೇ ಅಂದೆ. ಇಗೋ, ಲೇಖನ. ಹದಿನೇಳು ತಪ್ಪು ತಿದ್ದಿದ್ದೇನೆ. ಹದಿನೆಂಟನೆಯದನ್ನು ಪೂರ್ತಿ ಹೊಡೆದುಹಾಕಿ ಬೇರೆ ಬರೆದಿದ್ದೇನೆ. ಸೊವನೀರ್ ಸಿಡ್ನಿ ಸಂಘಕ್ಕೂ ಬರುತ್ತದೆ, ಸತ್ಯನಾರಾಯಣ ಪೂಜೆಯ ಮನೆಗಳಿಗೂ ಹೋಗುತ್ತದೆ ಎಂದು ಗೊತ್ತಿದ್ದೇ ಬರೆದಿದ್ದೇನೆ:

"ಭಾಸ್ಕರ ತಿರುಗು ಚೆಂಡನ್ನೇ ಕೇಳಿದ. ನಾನು ಅದನ್ನೇ ಎಸೆದೆ. ಅವನು ಹೊಟ್ಟೆಕಿಚ್ಚಿನಿಂದ ಅಡ್ಡ ಬೀಳಲಿಲ್ಲ. ಸ್ಕೋರರ್ ಬರೆದದ್ದು ಸರಿ."

ಒಂದಕ್ಷರವನ್ನೂ ಬದಲಾಯಿಸಬೇಡ. ನಿನ್ನ ಕನ್ನಡವನ್ನು ನಂಬುವಂತಿಲ್ಲ.

ನಿನ್ನ ನಂಬರನ್ನು ಅನ್‌ಬ್ಲಾಕ್ ಮಾಡಿದ್ದೇನೆ. ಬೈಯುವುದಿದ್ದರೆ ಸಂಜೆ ಆರರ ಮೇಲೆ ಮಾಡು, ಮೆಟ್ರೊದಲ್ಲಿ ಸಿಗ್ನಲ್ ಇರುವುದಿಲ್ಲ. ಆ ಕಪ್ಪಿನ ಫೋಟೊವನ್ನು ಇನ್ನೊಂದು ಸಲ ಕಳಿಸು.

ನಿನ್ನ ಕ್ಯಾಚರ್,
ಭಾಸ್ಕರ